ರಿಜಿಸ್ಟ್ರಾರ್ ಜನರಲ್ ಸಂಬಳ ನಿಗದಿ ಮಾಡುವುದು ಕೋರ್ಟೋ, ಸರ್ಕಾರವೋ?

ನೀವು ಕೇಳಿದ್ದು ಇಷ್ಟು: ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಕಾಯ್ದೆಯಲ್ಲೇ ಬರೆದಿದೆ, ಹುಡುಕಿದರೆ ಸಿಗುತ್ತದೆ. ಆದರೆ ಕೋರ್ಟಿನ ಆಡಳಿತ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್, ರಿಜಿಸ್ಟ್ರಾರ್‌ಗಳ ಸಂಬಳ ಯಾವ ಕಾಯ್ದೆಯಲ್ಲಿದೆ? ಅದನ್ನು ತೀರ್ಮಾನ ಮಾಡುವುದು ಯಾರು?

ಒಂದು ಹೈಕೋರ್ಟಿನ ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷ ಸಂಬಳದ ಬಿಲ್ ಬರೆದವನು ನಾನು. ನಿವೃತ್ತನಾದ ಮೇಲೂ ಈ ವಿಷಯ ಬಂದರೆ ಸುಮ್ನೆ ಕೂರಲು ಆಗುವುದಿಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದವೇ ಆಗುತ್ತದೆ.

ನ್ಯಾಯಮೂರ್ತಿಗಳದ್ದು ಸುಲಭ. ಸಂವಿಧಾನದ 221ನೇ ವಿಧಿ ಅವರ ಸಂಬಳವನ್ನು ಸಂಸತ್ತಿಗೆ ಬಿಟ್ಟಿದೆ. ಸಂಸತ್ತು 1954ರಲ್ಲೇ ಅದಕ್ಕೊಂದು ಕಾಯ್ದೆ ಮಾಡಿತು. 2018ರ ತಿದ್ದುಪಡಿಯ ನಂತರ ಹೈಕೋರ್ಟ್ ನ್ಯಾಯಮೂರ್ತಿಗೆ ತಿಂಗಳಿಗೆ 2,25,000 ರೂಪಾಯಿ, ಮುಖ್ಯ ನ್ಯಾಯಮೂರ್ತಿಗೆ 2,50,000 ರೂಪಾಯಿ. ಇದು 2016ರ ಜನವರಿ 1ರಿಂದಲೇ ಲೆಕ್ಕ. ಈ ಮೊತ್ತ ಬದಲಾಗಬೇಕಾದರೆ ಮತ್ತೆ ಸಂಸತ್ತೇ ಬೇಕು.

ಅಧಿಕಾರಿಗಳ ವಿಷಯದಲ್ಲಿ ಸಂವಿಧಾನ ಹೀಗೆ ಮಾಡಿಲ್ಲ. ಅಲ್ಲಿ ಮೊತ್ತದ ಮಾತೇ ಇಲ್ಲ. ಯಾರು ಬರೆಯಬೇಕು, ಯಾರು ಒಪ್ಪಬೇಕು, ದುಡ್ಡು ಯಾವ ಗಂಟಿನಿಂದ ಬರಬೇಕು ಅಂತ ಮಾತ್ರ ಹೇಳಿದೆ. ಅದು 229ನೇ ವಿಧಿ. ಸುಪ್ರೀಂ ಕೋರ್ಟಿಗೆ ಇದೇ ಅಚ್ಚಿನ 146ನೇ ವಿಧಿ ಇದೆ.

229ರ ಪ್ರಕಾರ ಹೈಕೋರ್ಟಿನ ಅಧಿಕಾರಿ, ಸಿಬ್ಬಂದಿಯನ್ನು ನೇಮಿಸುವುದು ಮುಖ್ಯ ನ್ಯಾಯಮೂರ್ತಿ, ಇಲ್ಲವೇ ಅವರು ಹೇಳಿದ ಇನ್ನೊಬ್ಬ ನ್ಯಾಯಮೂರ್ತಿ ಅಥವಾ ಅಧಿಕಾರಿ. ಸೇವೆಯ ಷರತ್ತುಗಳ ನಿಯಮ ಮಾಡುವುದೂ ಮುಖ್ಯ ನ್ಯಾಯಮೂರ್ತಿಯೇ. ರಾಜ್ಯ ಶಾಸಕಾಂಗ ಈ ಬಗ್ಗೆ ಕಾಯ್ದೆ ಮಾಡಿದರೆ ನಿಯಮಗಳು ಅದಕ್ಕೆ ಒಳಪಡುತ್ತವೆ, ಅದು ಬೇರೆ ಮಾತು. ಇಲ್ಲಿಗೆ ನಿಂತಿದ್ದರೆ ಕೋರ್ಟಿನದೇ ಕೊನೆಯ ಮಾತು ಆಗುತ್ತಿತ್ತು. ಆದರೆ ಅದರ ಬೆನ್ನಿಗೇ ಒಂದು ಪರಂತುಕ, ಅಂದರೆ ‘ಆದರೆ’ ಅಂತ ಸೇರಿಸಿದ ಷರತ್ತು, ಇದೆ. ಸಂಬಳ, ಭತ್ಯೆ, ರಜೆ, ಪಿಂಚಣಿ, ಈ ನಾಲ್ಕಕ್ಕೆ ಸಂಬಂಧಿಸಿದ ನಿಯಮವಾದರೆ ರಾಜ್ಯಪಾಲರ ಅನುಮೋದನೆ ಬೇಕು. ಸುಪ್ರೀಂ ಕೋರ್ಟಿನದಾದರೆ ರಾಷ್ಟ್ರಪತಿಗಳದ್ದು.

ಇಷ್ಟು ವರ್ಷಗಳ ಜಗ್ಗಾಟವೆಲ್ಲ ಈ ಒಂದು ಪರಂತುಕದ್ದು. ರಾಜ್ಯಪಾಲರು ಅಂದರೆ ರಾಜಭವನ ಅಂದುಕೊಳ್ಳಬೇಡಿ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಮಂತ್ರಿಮಂಡಲ ಕೇಳುವುದು ಆರ್ಥಿಕ ಇಲಾಖೆಯ ಮಾತು. ಹಾಗಾಗಿ ರಾಜ್ಯಪಾಲರ ಅನುಮೋದನೆ ಅನ್ನುವುದು ಆರ್ಥಿಕ ಇಲಾಖೆಯ ಯಾವುದೋ ಶಾಖಾಧಿಕಾರಿಯ ಮೇಜಿನ ಮೇಲೆ ಶುರುವಾಗುತ್ತದೆ.

ನನ್ನ ಕಾಲದಲ್ಲಿ ಒಂದು ವೃಂದದ ವಿಶೇಷ ಭತ್ಯೆ ಹೆಚ್ಚಿಸುವ ಪ್ರಸ್ತಾವನೆ ಹೋಗಿತ್ತು. ಮುಖ್ಯ ನ್ಯಾಯಮೂರ್ತಿಗಳು ಒಪ್ಪಿದ್ದ ಕಡತ. ಮೊದಲ ಸಲ ವಾಪಸ್ ಬಂದಾಗ ಕೇಳಿದ್ದು, ಸಚಿವಾಲಯದಲ್ಲಿ ಇದಕ್ಕೆ ಸಮಾನವಾದ ಹುದ್ದೆ ಯಾವುದು ಅಂತ. ಉತ್ತರ ಕೊಟ್ಟೆವು. ಎರಡನೇ ಸಲ, ವರ್ಷಕ್ಕೆ ಆರ್ಥಿಕ ಹೊರೆ ಎಷ್ಟು ಅಂತ. ಅದೂ ಕೊಟ್ಟೆವು. ಮೂರನೇ ಸಲ ಮತ್ತೆ ಮೊದಲಿನ ಪ್ರಶ್ನೆಯೇ, ಬೇರೆ ವಾಕ್ಯದಲ್ಲಿ! ಅಷ್ಟರಲ್ಲಿ ಆ ಭತ್ಯೆಗೆ ಕಾಯುತ್ತಿದ್ದ ಇಬ್ಬರು ನಿವೃತ್ತರಾದರು. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಪ್ರಶ್ನೆ ಕೇಳಿದ್ದು ತಪ್ಪಲ್ಲ ಅನಿಸುತ್ತದೆ. ಒಂದೇ ಸಲ ಕೇಳಬಹುದಿತ್ತು, ಅಷ್ಟೇ.

ಹಾಗಾದರೆ ಸರ್ಕಾರ ಒಪ್ಪದಿದ್ದರೆ ಏನಾಗುತ್ತದೆ? ಇದಕ್ಕೆ ಸುಪ್ರೀಂ ಕೋರ್ಟು ಕಂತು ಕಂತಾಗಿ ಉತ್ತರ ಕೊಟ್ಟಿದೆ. 1971ರಲ್ಲಿ ಗುರುಮೂರ್ತಿ ಪ್ರಕರಣ. ಅಸ್ಸಾಂ ಮತ್ತು ನಾಗಾಲ್ಯಾಂಡ್ ಹೈಕೋರ್ಟಿನ ಒಂದು ನೇಮಕಕ್ಕೆ ಸರ್ಕಾರಿ ಲೆಕ್ಕ ನೋಡುವ ಮಹಾಲೇಖಪಾಲರು ಆಕ್ಷೇಪ ಎತ್ತಿದ್ದರು. ಯಾರನ್ನು ನೇಮಿಸಬೇಕು ಅನ್ನುವುದು ಮುಖ್ಯ ನ್ಯಾಯಮೂರ್ತಿಯ ಅಧಿಕಾರ, ಅದರಲ್ಲಿ ಬೇರೆಯವರು ತಲೆ ಹಾಕುವಂತಿಲ್ಲ ಎಂದಿತು ಕೋರ್ಟು. ಆಮೇಲೆ ಆಂಧ್ರಪ್ರದೇಶದ ಗೋಪಾಲಕೃಷ್ಣನ್ ಮೂರ್ತಿ ಪ್ರಕರಣ ಬಂತು. ಅದು ಸಂಬಳದ ಪ್ರಶ್ನೆ. ಹೈಕೋರ್ಟ್ ಸಿಬ್ಬಂದಿಗೆ ಸಚಿವಾಲಯದವರ ಸಮಕ್ಕೆ ವೇತನ ಶ್ರೇಣಿ ಬೇಕು ಅಂತ ಮುಖ್ಯ ನ್ಯಾಯಮೂರ್ತಿ ಬರೆದಿದ್ದರು, ಸರ್ಕಾರ ಒಪ್ಪಿರಲಿಲ್ಲ. ಸಾಮಾನ್ಯವಾಗಿ ಒಪ್ಪಿಗೆ ಕೊಡಬೇಕು, ಅದು ಸಂವಿಧಾನದ ಆಶಯ ಎಂದಿತು ಸುಪ್ರೀಂ ಕೋರ್ಟು. ಆದರೆ ಕೊಡಲೇಬೇಕು ಅಂತ ಸರ್ಕಾರಕ್ಕೆ ರಿಟ್, ಅಂದರೆ ಕೋರ್ಟಿನ ಆಜ್ಞೆ, ಹೊರಡಿಸಲು ಆಗದು ಎಂದೂ ಹೇಳಿತು. 1989ರಲ್ಲಿ ಸುಪ್ರೀಂ ಕೋರ್ಟಿನ ನೌಕರರೇ ಹೂಡಿದ್ದ ಪ್ರಕರಣದ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿಯಂಥವರು ಮಾಡಿದ ನಿಯಮವನ್ನು ಸಕಾರಣವಿಲ್ಲದೆ ತಳ್ಳಬಾರದು, ತಕರಾರಿದ್ದರೆ ಮಾತುಕತೆ ನಡೆಯಲಿ ಅನ್ನುವ ಧಾಟಿ ಅಲ್ಲಿಯದು.

ನೋಡಿ, ಯಾರು ಬೇಕು ಅನ್ನುವುದು ಕೋರ್ಟಿನದು. ಎಷ್ಟು ಕೊಡಬೇಕು ಅನ್ನುವುದಕ್ಕೆ ಕೋರ್ಟಿನದು, ಸರ್ಕಾರದ್ದು ಎರಡೂ ಕೈ ಬೇಕು.

229ನೇ ವಿಧಿಯ ಮಿತಿಯನ್ನೇ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಉತ್ತರಪ್ರದೇಶದ್ದು. ನಿವೃತ್ತ ನ್ಯಾಯಮೂರ್ತಿಗಳ ಸೌಲಭ್ಯಕ್ಕಾಗಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ ನಿಯಮ ರೂಪಿಸಿದ್ದರು. ಸರ್ಕಾರ ಅದನ್ನು ಜಾರಿ ಮಾಡಲಿಲ್ಲ ಅಂತ 2023ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟು ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳನ್ನು ವಶಕ್ಕೆ ತೆಗೆದುಕೊಳ್ಳಲು ಹೇಳಿತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು. 229ನೇ ವಿಧಿ ಹೈಕೋರ್ಟಿನ ಅಧಿಕಾರಿ, ಸಿಬ್ಬಂದಿಗೆ ಸೇರಿದ್ದು, ನಿವೃತ್ತ ನ್ಯಾಯಮೂರ್ತಿಗಳಿಗೆ ಅದರಡಿ ನಿಯಮ ಮಾಡಲು ಬರುವುದಿಲ್ಲ ಎಂದಿತು. ನಿಯಮ ಯಾರಿಗಾಗಿ ಅನ್ನುವುದರಲ್ಲೇ ಎಡವಿದ್ದರು, ಸರ್ಕಾರದ ಒಪ್ಪಿಗೆಯ ಮಾತು ಆಮೇಲೆ.

ಇನ್ನು ನೀವು ಹೆಸರು ಹಿಡಿದು ಕೇಳಿದ ರಿಜಿಸ್ಟ್ರಾರ್ ಜನರಲ್. ತಮಾಷೆ ಇರುವುದೇ ಇಲ್ಲಿ. ಸಾಮಾನ್ಯವಾಗಿ ಆ ಕುರ್ಚಿಯಲ್ಲಿ ಕೂರುವವರು ಹೈಕೋರ್ಟ್ ಕಚೇರಿಯ ಮೆಟ್ಟಿಲು ಹತ್ತಿ ಬಂದವರಲ್ಲ. ಜಿಲ್ಲಾ ನ್ಯಾಯಾಧೀಶರು ನಿಯೋಜನೆಯ ಮೇಲೆ ಬಂದಿರುತ್ತಾರೆ. ಬರುವಾಗ ತಮ್ಮ ವೇತನ ಶ್ರೇಣಿಯನ್ನು ಜೊತೆಗೇ ತರುತ್ತಾರೆ. ಹಾಗಾಗಿ ಅವರ ಮೂಲವೇತನ ತಿಳಿಯಬೇಕಾದರೆ ಹೈಕೋರ್ಟ್ ಸಿಬ್ಬಂದಿಯ ನಿಯಮ ನೋಡಿ ಪ್ರಯೋಜನವಿಲ್ಲ, ಜಿಲ್ಲಾ ನ್ಯಾಯಾಧೀಶರ ವೇತನ ನೋಡಬೇಕು.

ಅದು ಎಲ್ಲಿಂದ ಬರುತ್ತದೆ? ಅಖಿಲ ಭಾರತ ನ್ಯಾಯಾಧೀಶರ ಸಂಘ 1989ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದ ಈ ಕಥೆ ಶುರು. ಅದರ ಫಲವಾಗಿ ನ್ಯಾಯಾಂಗಕ್ಕೇ ಪ್ರತ್ಯೇಕ ವೇತನ ಆಯೋಗ ಬಂತು. ಮೊದಲನೆಯದರ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಅದಕ್ಕೇ ಇವತ್ತಿಗೂ ಕೋರ್ಟ್ ಕಚೇರಿಗಳಲ್ಲಿ ಎಲ್ಲರೂ ಶೆಟ್ಟಿ ಕಮಿಷನ್ ಅನ್ನುವುದು. ಎರಡನೆಯದು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರದು. ಅದರ ವೇತನ ಶ್ರೇಣಿಗಳನ್ನು ಸುಪ್ರೀಂ ಕೋರ್ಟು 2022ರ ಜುಲೈ 27ರಂದು ಒಪ್ಪಿ, 2016ರ ಜನವರಿ 1ರಿಂದಲೇ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಬಾಕಿಯನ್ನು ಮೂರು ಕಂತಿನಲ್ಲಿ ಕೊಡಬೇಕು, ಕೊನೆಯದು 2023ರ ಜೂನ್ 30ರೊಳಗೆ.

ಲೆಕ್ಕ ಹೇಗೆ ಹಾಕಿದರು ಅನ್ನುವುದು ನನ್ನಂಥವರಿಗೆ ಹಬ್ಬ. ಹೈಕೋರ್ಟ್ ನ್ಯಾಯಮೂರ್ತಿಯ ಸಂಬಳ 80,000ದಿಂದ 2,25,000 ಆಗಿತ್ತು. ಅಂದರೆ 2.81 ಪಟ್ಟು. ಅದೇ ಗುಣಕವನ್ನು ಕೆಳಗಿನವರಿಗೂ ಹಿಡಿದರು. ಜಿಲ್ಲಾ ನ್ಯಾಯಾಧೀಶರ ಆರಂಭದ ಮೂಲವೇತನ 51,550 ಇದ್ದದ್ದು 1,44,840 ಆಯಿತು, ಆ ಶ್ರೇಣಿಯ ಕೊನೆ 1,94,660. ಅದರ ಮೇಲಿನ ಆಯ್ಕೆ ಶ್ರೇಣಿ 1,63,030ರಿಂದ 2,19,090. ಎಲ್ಲಕ್ಕಿಂತ ಮೇಲಿನದು 1,99,100ರಿಂದ 2,24,100. ಆ ಕೊನೆಯ ಅಂಕಿಯನ್ನು ಗಮನಿಸಿ. ನ್ಯಾಯಮೂರ್ತಿಯ 2,25,000ಕ್ಕೆ ಬರೀ 900 ರೂಪಾಯಿ ಕಡಿಮೆ. ಮುಟ್ಟಬಾರದು, ಆದರೆ ಹತ್ತಿರ ಹೋಗಬಹುದು!

ಹೀಗೆ ನೋಡಿದರೆ ರಿಜಿಸ್ಟ್ರಾರ್ ಜನರಲ್ ಸಂಬಳ ಸುತ್ತಿ ಬಳಸಿ ಸಂಸತ್ತಿನ ಕಾಯ್ದೆಗೇ ಕಟ್ಟಿಕೊಂಡಿದೆ. ಸಂಸತ್ತು ನ್ಯಾಯಮೂರ್ತಿಗಳ ಮೊತ್ತ ಬದಲಿಸುತ್ತದೆ, ಆಯೋಗ ಅದರಿಂದ ಗುಣಕ ತೆಗೆಯುತ್ತದೆ, ಸುಪ್ರೀಂ ಕೋರ್ಟು ಒಪ್ಪುತ್ತದೆ, ರಾಜ್ಯ ಸರ್ಕಾರ ಆದೇಶ ಹೊರಡಿಸುತ್ತದೆ. ಅಮೆರಿಕದಲ್ಲಿ ಇಷ್ಟು ಸುತ್ತು ಇಲ್ಲ. ಅಲ್ಲಿನ ಫೆಡರಲ್ ಕೋರ್ಟುಗಳ ಆಡಳಿತ ಕಚೇರಿ 1939ರಲ್ಲಿ ಹುಟ್ಟಿದ್ದು. ಅದರ ನಿರ್ದೇಶಕರಿಗೆ ಜಿಲ್ಲಾ ನ್ಯಾಯಾಧೀಶರಷ್ಟೇ ಸಂಬಳ ಅಂತ ಕಾಯ್ದೆಯಲ್ಲಿ ಒಂದೇ ಸಾಲಲ್ಲಿ ಬರೆದು ಮುಗಿಸಿದ್ದಾರೆ. ನನಗೆ ಕೇಳಿದರೆ ನಮ್ಮಲ್ಲೂ ಅಂಥದ್ದೊಂದು ಸಾಲು ಇದ್ದರೆ ಅರ್ಧ ಕಡತ ಹುಟ್ಟುತ್ತಲೇ ಇರಲಿಲ್ಲ.

ಈಗ ದುಡ್ಡು ಎಲ್ಲಿಂದ ಅನ್ನುವುದು. 229ರ ಮೂರನೇ ಭಾಗ ಹೈಕೋರ್ಟಿನ ಆಡಳಿತ ವೆಚ್ಚವನ್ನು, ಅಧಿಕಾರಿಗಳ ಸಂಬಳವೂ ಸೇರಿ, ರಾಜ್ಯದ ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ, ಮೇಲೆ ಹಾಕಿದೆ. ಬಜೆಟ್ ಪುಸ್ತಕದಲ್ಲಿ ಇದನ್ನು ಪ್ರಭೃತ ವೆಚ್ಚ ಅನ್ನುತ್ತಾರೆ. ಶಾಸಕರು ಅದರ ಬಗ್ಗೆ ಚರ್ಚೆ ಮಾಡಬಹುದು, ಆದರೆ ಅದನ್ನು ಮತಕ್ಕೆ ಹಾಕುವಂತಿಲ್ಲ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ಕೋರ್ಟಿನ ಸಂಬಳಕ್ಕೆ ಮರುವರ್ಷ ಕತ್ತರಿ ಬೀಳಬಾರದು, ಅಲ್ವಾ? ಒಮ್ಮೆ ನಿಗದಿಯಾದ ಸಂಬಳಕ್ಕೆ ಇದು ಗಟ್ಟಿ ರಕ್ಷಣೆ. ನಿಗದಿಯಾಗುವ ಮೊದಲು ಮಾತ್ರ ಆರ್ಥಿಕ ಇಲಾಖೆಯ ಮೇಜು ದಾಟಲೇಬೇಕು.

ಒಂದು ಎಚ್ಚರಿಕೆ. ಇದನ್ನೆಲ್ಲ ಜಿಲ್ಲಾ ಕೋರ್ಟಿನ ಶಿರಸ್ತೇದಾರರಿಗೆ, ಗುಮಾಸ್ತರಿಗೆ ಅನ್ವಯಿಸಬೇಡಿ. ಅವರು 229ರ ಅಡಿ ಬರುವುದಿಲ್ಲ. ಮೇಲ್ವಿಚಾರಣೆ ಹೈಕೋರ್ಟಿನದೇ ಆದರೂ ಅವರ ಸೇವಾ ನಿಯಮಗಳ ದಾರಿ 309ನೇ ವಿಧಿಯದು, ಅಂದರೆ ಸರ್ಕಾರದ್ದು.

ನಿಮಗೆ ಒಬ್ಬ ನಿರ್ದಿಷ್ಟ ಅಧಿಕಾರಿಯ ಸಂಬಳ ಬೇಕಿದ್ದರೆ ಮೊದಲು ಅವರು ನ್ಯಾಯಾಂಗ ಸೇವೆಯಿಂದ ಬಂದವರಾ, ಹೈಕೋರ್ಟ್ ಕಚೇರಿಯಲ್ಲೇ ಬಡ್ತಿ ಪಡೆದವರಾ ನೋಡಿಕೊಳ್ಳಿ. ಮೊದಲನೆಯವರಾದರೆ ಮೇಲಿನ ಮೂರು ಶ್ರೇಣಿಯಲ್ಲೊಂದು. ಎರಡನೆಯವರಾದರೆ ಆ ಹೈಕೋರ್ಟಿನ ಸೇವಾ ನಿಯಮ ಮತ್ತು ರಾಜ್ಯದ ಇತ್ತೀಚಿನ ವೇತನ ಪರಿಷ್ಕರಣೆ ಆದೇಶ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಅಧಿಕಾರಿಗಳ ಮಾಸಿಕ ಸಂಬಳ ಆ ಕಾಯ್ದೆಯ 4ನೇ ಕಲಂ ಪ್ರಕಾರ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಪಟ್ಟಿಯಲ್ಲೇ ಇದೆ.