ಗ್ರೇಸ್ ಪಾಸಾದ ಹುಡುಗನ ಹೊಟ್ಟೆನೋವು

ಎಸ್ಸೆಸ್ಸೆಲ್ಸಿಯಲ್ಲಿ ಇನ್ನು ಮುಂದೆ 625ಕ್ಕೆ 206 ಬಂದು, ಒಂದೊಂದು ವಿಷಯದಲ್ಲೂ 30 ಇದ್ದರೆ ಪಾಸು ಎಂದು 2025ರ ಅಕ್ಟೋಬರಿನಲ್ಲಿ ಸರ್ಕಾರ ಹೇಳಿದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. 'ಇದು ಒಳ್ಳೇದಾ ಮೇಡಂ, ಕೆಟ್ಟದ್ದಾ?' ಎಂದು ಕೇಳುವ ಅಪ್ಪ ಅಮ್ಮಂದಿರೇ ಹೆಚ್ಚು. ಮೈಸೂರಿನ ಸರಸ್ವತಿಪುರಂನ ಪುಟ್ಟ ಕೋಣೆಯಲ್ಲಿ ಮಕ್ಕಳಿಗೆ ಆಪ್ತಸಲಹೆ ಕೊಡುತ್ತ ಕೂತ ನಾನು ಸರ್ಕಾರಕ್ಕೆ ತೀರ್ಪು ಕೊಡುವವಳಲ್ಲ. ಆದರೆ ಅಂಕದ ಗೆರೆ ಇಳಿಸಿದಾಗ ದಾಟಿಕೊಂಡ ಮಕ್ಕಳು ಆಮೇಲೆ ಎಲ್ಲಿ ಎಡವುತ್ತಾರೆ ಎಂದು ಕಂಡಿದ್ದೇನೆ. ಅಂಥ ಒಬ್ಬನ ವಿಷಯ ಇದು. ಅವನಿಗೆ ನಾನು ಮೊದಲು ಹೇಳಿದ ಮಾತೇ ತಪ್ಪಾಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.

ಮಂಡ್ಯ ಜಿಲ್ಲೆಯ ಹಳ್ಳಿ ಹುಡುಗ. ಕಬ್ಬು ಬೆಳೆಯುವ ಮನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಾಮರ್ಸ್ ಸೇರಿದ್ದ. ಕಾಲೇಜಿನಲ್ಲಿ ಟೆಸ್ಟ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಸ್ಕ್ಯಾನಿಂಗ್ ಎಲ್ಲ ಆಯಿತು, ಏನೂ ಇಲ್ಲ ಅಂದರು. 'ಪಾಸಾಯ್ತಲ್ಲ, ಇನ್ನೇನ್ ರೋಗ ಇವ್ನಿಗೆ' ಅನ್ನುತ್ತಲೇ ಅಪ್ಪ ಕರಕೊಂಡು ಬಂದಿದ್ದರು.

ಆ ವರ್ಷದ ಕಥೆ ನೆನಪಿರಬಹುದು. ನಕಲು ತಡೆಯಲು ಪರೀಕ್ಷಾ ಕೋಣೆಗಳಿಗೆ ಮೊದಲ ಬಾರಿ ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಕುಸಿಯಿತು. ಪಾಸಾಗಲು ಸೇರಿಸಿ ಕೊಡುವ ಕೃಪಾಂಕವನ್ನು, ಅಂದರೆ ಗ್ರೇಸ್ ಮಾರ್ಕ್ಸನ್ನು, ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೂ ಬಂದದ್ದು ಶೇ. 73.40. ಅದೂ ಇಲ್ಲದಿದ್ದರೆ ಹೆಚ್ಚುಕಡಿಮೆ ಅರ್ಧ ಮಕ್ಕಳು ಮನೆಯಲ್ಲಿ ಕೂರುತ್ತಿದ್ದರು. ಮುಖ್ಯಮಂತ್ರಿಗಳೇ ಆಕ್ಷೇಪಿಸಿದ ಮೇಲೆ ಮುಂದಿನ ವರ್ಷ ಆ ಏರ್ಪಾಡು ನಿಂತಿತು.

ಮೊದಲ ಭೇಟಿಯಲ್ಲಿ ನಾನು ರೂಢಿಯ ಸಮಾಧಾನ ಹೇಳಿದೆ. ಕೃಪಾಂಕ ಭಿಕ್ಷೆಯಲ್ಲ, ನಿಯಮ. ಲಕ್ಷಾಂತರ ಮಕ್ಕಳಿಗೆ ಸಿಕ್ಕಿದೆ. ಪಾಸು ಅಂದರೆ ಪಾಸು. ತಲೆಯಾಡಿಸಿ ಹೋದ. ಮುಂದಿನ ಟೆಸ್ಟಿಗೆ ಮತ್ತೆ ವಾಂತಿ.

ಮೂರನೇ ಭೇಟಿಗೆ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಾಜು ಒಡೆದ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟ. ಗಣಿತದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ! ತಮಾಷೆ ನೋಡಿ, ಅದನ್ನು ತರಿಸಿದ್ದು ಅಪ್ಪನೇ. ಮಗನಿಗೆ ಇನ್ನೂ ಜಾಸ್ತಿ ಬರಬೇಕಿತ್ತು, ಎಣಿಕೆ ತಪ್ಪಿರಬೇಕು ಅಂತ ದುಡ್ಡು ಕಟ್ಟಿ ಅರ್ಜಿ ಹಾಕಿಸಿದ್ದರು. ಸೈಬರ್ ಅಂಗಡಿಯವನು ಫೈಲನ್ನು ಹುಡುಗನ ಮೊಬೈಲಿಗೇ ಕಳಿಸಿದ್ದ. ಇವನು ಯಾರಿಗೂ ತೋರಿಸದೆ ಆರು ತಿಂಗಳು ಇಟ್ಟುಕೊಂಡಿದ್ದ. ಬೆರಳಲ್ಲಿ ಪುಟ ಸರಿಸಿದ. ಖಾಲಿ ಹಾಳೆಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ಕೂಡಿದ ಮೊತ್ತ, ಒಂದು ಸೊನ್ನೆಯೊಳಗೆ: 14. ಎಂಬತ್ತಕ್ಕೆ.

'ನಾನೇನ್ ಪಾಸಾಗ್ಲಿಲ್ಲ ಮೇಡಂ,' ಅಂದ. 'ನನ್ನ ಪಾಸ್ ಮಾಡುದ್ರು.'

ಆಗುವುದಕ್ಕೂ ಮಾಡುವುದಕ್ಕೂ ನಡುವೆ ಸಿಕ್ಕಿಕೊಂಡಿದ್ದ ಹುಡುಗನಿಗೆ ನಾನು ಎರಡು ಸಲ 'ಪಾಸು ಅಂದರೆ ಪಾಸು' ಅಂದಿದ್ದೆ! ಅವನಿಗೆ ತನ್ನ ನಿಜವಾದ ಅಂಕ ಗೊತ್ತಿತ್ತು. ಗೊತ್ತಿಲ್ಲದವರಂತೆ ನಟಿಸುತ್ತಿದ್ದದ್ದು ನಾವೆಲ್ಲ.

ನಾನು ಕೊಟ್ಟ ಸಲಹೆ ಇಷ್ಟು: ಅದೇ ಗಣಿತದ ಪ್ರಶ್ನೆಪತ್ರಿಕೆಯನ್ನು ಮುಂದಿನ ವಾರ ಇಲ್ಲೇ ಕೂತು ಬರೆ. ಇಷ್ಟು ಬರಬೇಕು ಅನ್ನುವುದಿಲ್ಲ, ಅಪ್ಪನಿಗೆ ಹೇಳುವುದೂ ಇಲ್ಲ. ಎಲ್ಲಿ ಕೈಕೊಡುತ್ತಿದೆ ಅಂತ ಇಬ್ಬರೂ ಸೇರಿ ನೋಡೋಣ.

ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಇದು ಹಿಡಿಸಲಿಲ್ಲ. ಪರೀಕ್ಷೆ ಅಂದರೆ ವಾಂತಿ ಮಾಡುವವನಿಗೆ ಮತ್ತೆ ಪರೀಕ್ಷೆಯೇ ಎಂದು ಜಗಳಕ್ಕೇ ಬಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ, ಎಲ್ಲ ಮಕ್ಕಳಿಗೂ ನಾನು ಹೀಗೆ ಹೇಳುವುದೂ ಇಲ್ಲ. ಆದರೆ ಇವನ ಭಯ ಪರೀಕ್ಷೆಯದ್ದಲ್ಲ, ಸಿಕ್ಕಿಬೀಳುವ ಭಯ. ಕದ್ದ ಮಾಲು ಮನೆಯಲ್ಲಿಟ್ಟುಕೊಂಡವನ ಹಾಗೆ ಬದುಕುತ್ತಿದ್ದ. ಅಂಥವನಿಗೆ 'ನೀನು ಜಾಣ' ಅಂದರೆ ಇನ್ನಷ್ಟು ಹೆದರುತ್ತಾನೆ. ಈಗಲೂ ಅದೇ ಸಲಹೆ ಕೊಡುತ್ತೇನೆ.

ಮೂರು ಗಂಟೆ ಬರೆದ. ನಡುವೆ ಒಮ್ಮೆ ಬಾತ್‌ರೂಮಿಗೆ ಹೋಗಿ ಬಂದ, ಅಷ್ಟೆ. ತಿದ್ದಿದಾಗ 22. ಪಾಸಿಗೆ ಇನ್ನೂ ದೂರವೇ. ಆದರೆ ಸಮಾಂತರ ಶ್ರೇಢಿ ಚೆನ್ನಾಗಿ ಮಾಡಿದ್ದ. ಗ್ರಾಫ್ ಎಳೆದಿದ್ದ. ಭಿನ್ನರಾಶಿ ಬಂದಲ್ಲೆಲ್ಲ ಲೆಕ್ಕ ಮುರಿದು ಬಿದ್ದಿತ್ತು. ಪಕ್ಕದ ರಫ್ ಹಾಳೆಯಲ್ಲಿ 2/3ಕ್ಕೆ 1/4 ಕೂಡಿಸಿ 3/7 ಅಂತ ಬರೆದಿದ್ದ. ಲ.ಸಾ.ಅ. ಅಂದರೆ ಗೊತ್ತಾ ಅಂದೆ. ಹೆಸರು ಕೇಳಿದ್ದೀನಿ ಅಂದ.

ಲೆಕ್ಕ ಹಾಕಿದೆವು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಇವನು ಆರನೇ ಕ್ಲಾಸು. ಏಳನೆಯದರಲ್ಲಿ ಮಾರಮ್ಮನ ಗುಡಿ ಜಗಲಿಯ ಮೇಲೆ ಕೆಲವು ವಾರ ವಿದ್ಯಾಗಮ, ಅಂದರೆ ಮೇಷ್ಟ್ರೇ ಊರಿಗೆ ಬಂದು ಮಾಡುವ ಪಾಠ, ನಡೆಯಿತು, ಅದೂ ಅಕ್ಟೋಬರಿನಲ್ಲಿ ನಿಂತುಹೋಯಿತು. ಎಲ್ಲರೂ ಪಾಸು. ಎಂಟು, ಒಂಬತ್ತು, ಪಾಸು. ಹತ್ತರಲ್ಲಿ ಆಂತರಿಕ ಅಂಕ ಇಪ್ಪತ್ತಕ್ಕೆ ಇಪ್ಪತ್ತು, ಕ್ಲಾಸಿನಲ್ಲಿ ಎಲ್ಲರಿಗೂ. ನಾಲ್ಕು ವರ್ಷದ ಅಂಕಪಟ್ಟಿಗಳಲ್ಲಿ ಒಂದಾದರೂ ಈ ಹುಡುಗನಿಗೆ ಭಿನ್ನರಾಶಿ ಬರುವುದಿಲ್ಲ ಅಂತ ಹೇಳಲಿಲ್ಲ. ನನ್ನ ತಕರಾರು ಇದೇ. ಕೃಪಾಂಕ ಕೊಡಲಿ, ಫೇಲಾದ ಹುಡುಗಿಯನ್ನು ಮದುವೆ ಮಾಡಿ ಕಳಿಸುವ ಊರುಗಳಿರುವ ಜಿಲ್ಲೆಯಲ್ಲಿ ಕೊಡಬೇಡಿ ಅನ್ನಲು ನನಗೆ ಬಾಯಿಲ್ಲ. ಕೊಟ್ಟ ಮೇಲೆ ಎಲ್ಲಿ ತೂತಿದೆ ಅಂತ ಮಗುವಿಗೂ ಮನೆಯವರಿಗೂ ತಿಳಿಸಿ, ಮುಚ್ಚಿಡಬೇಡಿ.

ಹಾಗಾಗಿ ಪಾಸಾದ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಒಟ್ಟು ಅಂಕ ಕೇಳಿ ಸುಮ್ಮನಾಗದೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಬರೆದ ಹಾಳೆಯನ್ನು ನೋಡಿ. ಬೈಯುವುದಾದರೆ ಮಾತ್ರ ನೋಡಬೇಡಿ.

ಹುಡುಗ ಆರನೇ ಕ್ಲಾಸಿನ ಗಣಿತ ಪುಸ್ತಕವನ್ನು ತಂಗಿಯ ಹತ್ತಿರ ಇಸಕೊಂಡು, ಕಾಲೇಜಿನವರು ಕಂಡರೆ ನಗುತ್ತಾರೆಂದು ಪೇಪರ್ ರಟ್ಟು ಹಾಕಿ, ಬಸ್ಸಿನಲ್ಲಿ ಲೆಕ್ಕ ಮಾಡುತ್ತಿದ್ದ. ವಾಂತಿ ಒಮ್ಮೆಗೇ ನಿಲ್ಲಲಿಲ್ಲ. ಎರಡು ಟೆಸ್ಟ್ ಬಿಟ್ಟ, ಮೂರನೆಯದು ಬರೆದ. ಈಗ ಸೆಕೆಂಡ್ ಪಿಯು.

ಹೋದ ತಿಂಗಳು ಫೋನ್ ಮಾಡಿದ್ದ. 'ನಮಗೂ ಇಳ್ಸವ್ರಂತೆ ಮೇಡಂ, 600ಕ್ಕೆ 198. ಅಪ್ಪಂಗೆ ಇನ್ನೂ ಗೊತ್ತಿಲ್ಲ. ನೀವೂ ಹೇಳ್ಬೇಡಿ.'