ಎಂಜಿನ್ ಕೊಳ್ಳುವುದು ಸುಲಭ, ಬಾಯ್ಲರ್ ಸಾಕುವುದು ಕಷ್ಟ

ಓದುಗರ ಪ್ರಶ್ನೋತ್ತರ

ಬ್ರಿಟನ್ನಿನ ಮುಖ್ಯ ರೈಲು ಮಾರ್ಗಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಉಗಿ ಎಂಜಿನ್‌ಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಚಿತ್ರಲೇಖನಕ್ಕೆ ಹಲವು ಪತ್ರಗಳು ಬಂದಿವೆ. ಅವು ಯಾರ ಸ್ವತ್ತು, ಅವುಗಳ ದುರಸ್ತಿಗೆ ಅಷ್ಟು ವರ್ಷ ಮತ್ತು ಅಷ್ಟು ಹಣ ಏಕೆ ಬೇಕು ಎಂಬುದೇ ಬಹುತೇಕರ ಕುತೂಹಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಉಗಿ ಎಂಜಿನ್ ಎಳೆಯುವ ವಿಶೇಷ ರೈಲಿನಲ್ಲಿ ಪ್ರಯಾಣ ಮಾಡಿದೆ. ಟಿಕೆಟ್ ಮಾರಿದವರು ಒಬ್ಬರು, ಓಡಿಸುವವರು ಇನ್ನೊಬ್ಬರು, ಎಂಜಿನ್ ಮಾತ್ರ ಯಾವುದೋ ಟ್ರಸ್ಟಿನದು ಎಂದು ಅಲ್ಲಿದ್ದವರು ಹೇಳಿದರು. ಹಾಗಾದರೆ ಆ ರೈಲು ನಿಜವಾಗಿ ಯಾರದು ಸರ್?

ಉತ್ತರ: ನಿಮಗೆ ಅವರು ಹೇಳಿದ್ದು ಸರಿಯಾಗಿಯೇ ಇದೆ. ಅಲ್ಲಿ ಹಳಿ ನೆಟ್‌ವರ್ಕ್ ರೈಲ್ ಸಂಸ್ಥೆಯದು. ಆ ಹಳಿಯ ಮೇಲೆ ರೈಲು ಓಡಿಸುವ ಪರವಾನಗಿ ಇರುವುದು ಕಾರ್ನ್‌ಫೋರ್ತ್‌ನ ವೆಸ್ಟ್ ಕೋಸ್ಟ್ ರೈಲ್ವೇಸ್, ಕ್ರೂ ಪಟ್ಟಣದ ಲೊಕೊಮೋಟಿವ್ ಸರ್ವಿಸಸ್‌ನಂಥ ಕೆಲವೇ ಕಂಪನಿಗಳಿಗೆ. ಚಾಲಕ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಮತ್ತು ಗಾರ್ಡ್ ಆ ಕಂಪನಿಯ ಕಡೆಯವರು. ಪ್ರಯಾಣವನ್ನು ಯೋಜಿಸಿ ಟಿಕೆಟ್ ಮಾರುವ ಪ್ರವಾಸ ಸಂಸ್ಥೆ ಅನೇಕ ವೇಳೆ ಬೇರೆಯೇ ಆಗಿರುತ್ತದೆ. ಎಂಜಿನ್ನಿನ ಮಾಲೀಕರು ತಮ್ಮ ಯಂತ್ರವನ್ನು ಬಾಡಿಗೆಗೆ ಕೊಡುತ್ತಾರೆ, ಅಷ್ಟೆ. ಸ್ವತಃ ಅರ್ಹತೆ ಪಡೆದ ಚಾಲಕರಲ್ಲದಿದ್ದರೆ, ಲಕ್ಷಾಂತರ ಪೌಂಡ್ ಬೆಲೆಬಾಳುವ ಎಂಜಿನ್ನಿನ ಒಡೆಯರಿಗೂ ಮುಖ್ಯ ಮಾರ್ಗದಲ್ಲಿ ಅದನ್ನು ನಡೆಸುವ ಹಕ್ಕಿಲ್ಲ.

ನಿಮ್ಮ ರೈಲಿನಲ್ಲಿ ಎಂಜಿನ್ನಿಗೆ ತಾಗಿಕೊಂಡಂತೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳದ ಒಂದು ಬೋಗಿ ಇದ್ದಿರಬೇಕು. ಮಾಲೀಕರ ಕಡೆಯ ಸ್ವಯಂಸೇವಕರು ಇರುವುದು ಅದರಲ್ಲಿ. ಹೊರಡುವ ಮೊದಲು ಪ್ರತಿಯೊಂದು ಎಣ್ಣೆ ಬಟ್ಟಲನ್ನೂ ತೆರೆದು ತುಂಬಿಸುವುದು, ನಿಲುಗಡೆಗಳಲ್ಲಿ ಟೆಂಡರ್ (ಎಂಜಿನ್ನಿನ ಹಿಂದಿರುವ ಕಲ್ಲಿದ್ದಲು, ನೀರಿನ ಗಾಡಿ) ಹತ್ತಿ ಹಿಂದೆ ಉಳಿದ ಕಲ್ಲಿದ್ದಲನ್ನು ಸಲಿಕೆಯಿಂದ ಮುಂದಕ್ಕೆ ಎಳೆಯುವುದು, ಬೇರಿಂಗುಗಳು ಬಿಸಿಯಾಗಿವೆಯೇ ಎಂದು ಕೈಯಿಟ್ಟು ನೋಡುವುದು ಇವರ ಕೆಲಸ. ಹಿಂದೆ ಓಡುತ್ತಲೇ ನೀರು ಮೊಗೆದುಕೊಳ್ಳಲು ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳಿದ್ದವು, ನಿಲ್ದಾಣಗಳಲ್ಲಿ ನೀರಿನ ಕಂಬಗಳಿದ್ದವು; ಅವೆಲ್ಲ ಹೋದ ಮೇಲೆ ಈಗ ರಸ್ತೆಯ ಟ್ಯಾಂಕರ್ ಅಥವಾ ಅಗ್ನಿಶಾಮಕ ನಲ್ಲಿಗೆ ಪೈಪು ಜೋಡಿಸಿ ನೀರು ತುಂಬಿಸುವವರೂ ಇವರೇ.

ಇನ್ನು ಮಾಲೀಕರ ವಿಷಯ. ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ ಬಳಿ ದೇಶದ ಸ್ವತ್ತಾದ ಎಂಜಿನ್‌ಗಳಿವೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿದ ಮಲ್ಲಾರ್ಡ್ ಅಲ್ಲಿ ನಿಂತಿದೆ, ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕೂಡ ಅದರದೇ. ಆದರೆ ಓಡುವ ಎಂಜಿನ್‌ಗಳ ಪೈಕಿ ಹೆಚ್ಚಿನವು ಸರ್ಕಾರದವಲ್ಲ. 'ಕ್ಲ್ಯಾನ್ ಲೈನ್' ಎಂಬ ಎಂಜಿನ್ನನ್ನು ಅದರ ಅಭಿಮಾನಿಗಳ ಸಂಘವೇ 1967ರಲ್ಲಿ ಬ್ರಿಟಿಷ್ ರೈಲ್ವೆಯಿಂದ ನೇರವಾಗಿ ಕೊಂಡಿತು, ಇಂದಿಗೂ ಅದು ಆ ಸಂಘದ್ದೇ. 'ಸರ್ ನೈಜೆಲ್ ಗ್ರೆಸ್ಲಿ', 'ಡಚೆಸ್ ಆಫ್ ಸದರ್ಲೆಂಡ್' ಮುಂತಾದವು ಟ್ರಸ್ಟ್‌ಗಳ ಕೈಯಲ್ಲಿವೆ. ಜಾನ್ ಕ್ಯಾಮರನ್ ಎಂಬ ಸ್ಕಾಟ್ಲೆಂಡಿನ ಕೃಷಿಕರು 'ಯೂನಿಯನ್ ಆಫ್ ಸೌತ್ ಆಫ್ರಿಕಾ' ಎಂಬ ಎಂಜಿನ್ನನ್ನು 1966ರಲ್ಲಿ ಸ್ವಂತಕ್ಕೆ ಕೊಂಡರು; 2015ರಲ್ಲಿ ಬಾರ್ಡರ್ಸ್ ರೈಲು ಮಾರ್ಗದ ಉದ್ಘಾಟನೆಗೆ ರಾಣಿ ಎರಡನೆಯ ಎಲಿಜಬೆತ್ ಬಂದದ್ದು ಅದೇ ಎಂಜಿನ್ ಎಳೆದ ರೈಲಿನಲ್ಲಿ.

ಒಬ್ಬರ ಒಡೆತನದಲ್ಲಿ ತೀರ್ಮಾನಗಳು ಬೇಗ ಆಗುತ್ತವೆ, ನಿಜ. ಆದರೆ ಆ ವ್ಯಕ್ತಿಯ ಆರೋಗ್ಯ, ಹಣಕಾಸು ಮತ್ತು ವಾರಸುದಾರರ ಮನಸ್ಸಿನ ಮೇಲೆ ಎಂಜಿನ್ನಿನ ಭವಿಷ್ಯ ನಿಂತಿರುತ್ತದೆ. ನೋಂದಾಯಿತ ದತ್ತಿ ಸಂಸ್ಥೆಯಾದರೆ ಸಭೆಗಳು, ಮತಭೇದಗಳು ತಪ್ಪುವುದಿಲ್ಲವಾದರೂ ಆದಾಯ ತೆರಿಗೆ ಕಟ್ಟುವ ದಾನಿ ಒಂದು ಪೌಂಡ್ ಕೊಟ್ಟಾಗ ತೆರಿಗೆ ಇಲಾಖೆಯಿಂದ ಇನ್ನೂ 25 ಪೆನ್ಸ್ ಪಡೆಯುವ ಅವಕಾಶ ಅದಕ್ಕಿದೆ. ನನ್ನ ಒಲವು ಟ್ರಸ್ಟ್‌ಗಳ ಕಡೆಗೆ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಹತ್ತು ವರ್ಷವಾಯಿತೆಂದು ನಿಲ್ಲಿಸಿ ಪೂರ್ತಿ ಬಿಚ್ಚುತ್ತಾರಂತೆ. ಕೆಟ್ಟಿದ್ದನ್ನು ಮಾತ್ರ ಸರಿಪಡಿಸಿದರೆ ಸಾಲದೆ? ನಾನು ಕಾರ್ಖಾನೆಯೊಂದರ ನಿವೃತ್ತ ಫೋರ್‌ಮನ್; ಈ ಪದ್ಧತಿ ದುಂದಿನಂತೆ ಕಾಣುತ್ತದೆ.

ಉತ್ತರ: ಬಾಯ್ಲರ್ ಇಲ್ಲದ ಯಂತ್ರವಾಗಿದ್ದರೆ ನಿಮ್ಮ ಮಾತನ್ನು ಒಪ್ಪಬಹುದಿತ್ತು. ದೊಡ್ಡ ಎಂಜಿನ್ನಿನ ಬಾಯ್ಲರ್ ಚದರ ಇಂಚಿಗೆ 250 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುವಾಗ ಒಳಗಿನ ನೀರು 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಎಲ್ಲಾದರೂ ತಗಡು ಸೀಳಿದರೆ ಆ ನೀರಿನ ಒಂದು ಪಾಲು ಕ್ಷಣಾರ್ಧದಲ್ಲಿ ಹಬೆಯಾಗಿ ಸಿಡಿಯುತ್ತದೆ. ಆದ್ದರಿಂದ 2000ದ ಇಸವಿಯ ಒತ್ತಡ ವ್ಯವಸ್ಥೆಗಳ ಸುರಕ್ಷತಾ ನಿಯಮಗಳ ಪ್ರಕಾರ ಪ್ರತಿ ಬಾಯ್ಲರಿಗೂ ಬರವಣಿಗೆಯಲ್ಲಿ ಒಂದು ತಪಾಸಣಾ ಯೋಜನೆ ಇರಬೇಕು, ಅದರಂತೆ ಅರ್ಹ ತಜ್ಞರು ಪರೀಕ್ಷಿಸಬೇಕು. ಸಾಮಾನ್ಯವಾಗಿ ವಿಮಾ ಸಂಸ್ಥೆಯ ಇನ್‌ಸ್ಪೆಕ್ಟರ್ ನಿಯತವಾಗಿ ಬಂದು ಬಾಯ್ಲರನ್ನು ಒಮ್ಮೆ ತಣ್ಣಗಿರುವಾಗ, ಇನ್ನೊಮ್ಮೆ ಹಬೆ ತುಂಬಿರುವಾಗ ನೋಡುತ್ತಾರೆ.

ಈ ನಿಯತ ತಪಾಸಣೆಯಲ್ಲಿ ಕಣ್ಣಿಗೆ ಬೀಳದ ಜಾಗಗಳೇ ಹೆಚ್ಚು ಅಪಾಯಕಾರಿ. ಕಲ್ಲಿದ್ದಲು ಉರಿಯುವ ಫೈರ್‌ಬಾಕ್ಸ್ ಎಂದರೆ ಒಂದರೊಳಗೊಂದು ಕೂರಿಸಿದ ಎರಡು ಪೆಟ್ಟಿಗೆಗಳು. ಬ್ರಿಟನ್ನಿನಲ್ಲಿ ಒಳಗಿನದು ಸಾಮಾನ್ಯವಾಗಿ ತಾಮ್ರದ್ದು, ಹೊರಗಿನದು ಉಕ್ಕಿನದು, ನಡುವಿನ ಸಂದಿಯಲ್ಲಿ ನೀರು. ಈ ಎರಡು ಗೋಡೆಗಳು ಒತ್ತಡಕ್ಕೆ ಉಬ್ಬದಂತೆ ಹಿಡಿದಿಡುವ 'ಸ್ಟೇ' ಎಂಬ ಸರಳುಗಳು ಸಾವಿರಕ್ಕೂ ಹೆಚ್ಚು ಇರುತ್ತವೆ. ಪ್ರತಿ ಸಲ ಬೆಂಕಿ ಹಚ್ಚಿದಾಗ ತಾಮ್ರ ಒಂದಷ್ಟು ಹಿಗ್ಗುತ್ತದೆ, ಉಕ್ಕು ಇನ್ನೊಂದಷ್ಟು. ಆರಿದಾಗ ಎರಡೂ ಕುಗ್ಗುತ್ತವೆ. ಹೀಗೆ ಬಾಗಿ ಬಾಗಿ ಸ್ಟೇಗಳು ಸವೆಯುತ್ತವೆ, ಮುರಿಯುತ್ತವೆ. ತಗಡಿನ ಮಡಿಕೆಗಳಲ್ಲಿ ಗೀರುಗಳು ಏಳುತ್ತವೆ, ಹೊಗೆ ಹಾಯುವ ಕೊಳವೆಗಳು ಹೊರಗಿನಿಂದ ನೀರಿಗೂ ಒಳಗಿನಿಂದ ಬೂದಿಗೂ ಸಿಕ್ಕಿ ತೆಳುವಾಗುತ್ತವೆ. ಫೈರ್‌ಬಾಕ್ಸ್‌ನ ಕೆಳಭಾಗ ಎಂಜಿನ್ನಿನ ಚೌಕಟ್ಟಿನ ನಡುವೆ ಹುದುಗಿರುತ್ತದೆ, ಉಳಿದ ಮೈಯನ್ನು ಶಾಖ ತಡೆಯುವ ಹೊದಿಕೆ ಮುಚ್ಚಿರುತ್ತದೆ. ಬಾಯ್ಲರನ್ನು ಕ್ರೇನಿನಿಂದ ಎತ್ತಿ ಹೊರಗಿಟ್ಟು, ಹೊದಿಕೆ ಕಿತ್ತು, ಕೊಳವೆಗಳನ್ನೆಲ್ಲ ತೆಗೆದ ಮೇಲೆಯೇ ಅಲ್ಲಲ್ಲಿ ತಗಡು ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್ ಉಪಕರಣದಿಂದ ಅಳೆಯಲು ಸಾಧ್ಯ. ಹತ್ತು ವರ್ಷದ ಗಡುವಿನ ಉದ್ದೇಶ ಇದು.

ಮುಖ್ಯ ಮಾರ್ಗಕ್ಕೆ ಬಹುಕಾಲ ಏಳು ವರ್ಷದ ಅವಧಿ ರೂಢಿಯಲ್ಲಿತ್ತು. ಅದು ಮುಗಿದ ಎಂಜಿನ್ ಉಳಿದ ವರ್ಷಗಳನ್ನು ಗಂಟೆಗೆ 25 ಮೈಲಿಯ ಮಿತಿಯಿರುವ ಪಾರಂಪರಿಕ ರೈಲು ಮಾರ್ಗಗಳಲ್ಲಿ ಕಳೆಯುತ್ತಿತ್ತು.

ಬಾಯ್ಲರ್ ಹೇಗೂ ಇಳಿದಿರುವುದರಿಂದ ಉಳಿದದ್ದನ್ನೂ ಆಗಲೇ ನೋಡಿಬಿಡುತ್ತಾರೆ. ಗಾಲಿಗಳ ಅಚ್ಚುಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸುವುದು, ಗಾಲಿಯ ಉಕ್ಕಿನ ಪಟ್ಟಿಗಳನ್ನು ಲೇತಿನಲ್ಲಿ ಕಡೆದು ಸರಿಯಾದ ಆಕಾರಕ್ಕೆ ತರುವುದು ಅಥವಾ ಹೊಸದನ್ನು ತೊಡಿಸುವುದು, ಬೇರಿಂಗುಗಳಿಗೆ ಬಿಳಿಲೋಹ ಎರಕ ಹೊಯ್ಯುವುದು ಇವೆಲ್ಲ ಆಗುವುದು ಈ ಅವಧಿಯಲ್ಲಿಯೇ. ಮಾಲೀಕತ್ವದ ಬಗೆಗೆ ಮೇಲೆ ಹೇಳಿದ ಒಲವಿಗೆ ಇದೇ ಕಾರಣ: ಎಂಜಿನ್ ಓಡಿದ ಪ್ರತಿ ದಿನವೂ ಮುಂದಿನ ಓವರ್‌ಹಾಲ್ (ಹೀಗೆ ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಎಂಬ ಸಾಲ ಬೆಳೆಯುತ್ತಿರುತ್ತದೆ, ಆ ಸಾಲ ಕೊಂಡವರ ಆಯುಷ್ಯಕ್ಕಿಂತ ಉದ್ದ. ಬಾಡಿಗೆಯ ಒಂದು ಪಾಲನ್ನು ಮೊದಲ ದಿನದಿಂದಲೇ ತೆಗೆದಿಡುವ ಶಿಸ್ತು ಇರುವ ಸಂಸ್ಥೆಗಳ ಎಂಜಿನ್ ಮಾತ್ರ ಎರಡನೆಯ, ಮೂರನೆಯ ಓವರ್‌ಹಾಲ್ ದಾಟುತ್ತದೆ.

ಪ್ರಶ್ನೆ: ಒಂದು ಓವರ್‌ಹಾಲ್‌ಗೆ ಎಷ್ಟು ಖರ್ಚಾಗುತ್ತದೆ?

ಉತ್ತರ: ಒಂದೇ ಅಂಕಿ ಹೇಳಿದರೆ ದಾರಿ ತಪ್ಪಿಸಿದಂತಾಗುತ್ತದೆ, ಬಿಚ್ಚುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇದಕ್ಕೆ ಚೆನ್ನಾಗಿ ದಾಖಲಾದ ನಿದರ್ಶನ. 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾದ ಈ ಎಂಜಿನ್ನನ್ನು ಅಲನ್ ಪೆಗ್ಲರ್ 1963ರಲ್ಲಿ 3,000 ಪೌಂಡ್ ಕೊಟ್ಟು ಕೊಂಡರು. ನೀರಿನ ವ್ಯವಸ್ಥೆ ಕಣ್ಮರೆಯಾಗುತ್ತಿರುವುದನ್ನು ಕಂಡು ಎರಡನೆಯ ಟೆಂಡರನ್ನೂ ಜೋಡಿಸಿದರು. 1969ರಲ್ಲಿ ಅದನ್ನು ಅಮೆರಿಕಕ್ಕೆ ಒಯ್ದು ದಿವಾಳಿಯಾದರು. 1973ರಲ್ಲಿ ವಿಲಿಯಂ ಮೆಕಾಲ್ಪೈನ್ ಅದನ್ನು ಕೊಂಡು ತಾಯ್ನಾಡಿಗೆ ತಂದರು. ಮುಂದೆ ಟೋನಿ ಮಾರ್ಚಿಂಗ್ಟನ್ ಅವರ ಕೈಗೆ ಹೋಗಿ, ಅಲ್ಲೂ ಹಣದ ಮುಗ್ಗಟ್ಟಿಗೆ ಸಿಲುಕಿ, 2004ರಲ್ಲಿ ರಾಷ್ಟ್ರೀಯ ಪರಂಪರೆ ಸ್ಮಾರಕ ನಿಧಿ ಮತ್ತು ಸಾರ್ವಜನಿಕರ ನೆರವಿನಿಂದ ಯಾರ್ಕ್‌ನ ವಸ್ತುಸಂಗ್ರಹಾಲಯ ಅದನ್ನು 23.1 ಲಕ್ಷ ಪೌಂಡಿಗೆ ಪಡೆಯಿತು.

2006ರಲ್ಲಿ ಶುರುವಾದ ಓವರ್‌ಹಾಲ್ ಬೇಗನೆ ಮುಗಿಯುವ ಕೆಲಸವೆಂದೇ ಎಣಿಸಲಾಗಿತ್ತು. ಆದರೆ ಒಂದನ್ನು ಬಿಚ್ಚಿದರೆ ಇನ್ನೊಂದು ಕಂಡಿತು, ಮುಖ್ಯ ಚೌಕಟ್ಟಿನಲ್ಲಿಯೇ ಬಿರುಕುಗಳು ಪತ್ತೆಯಾದವು. ಎಂಜಿನ್ ಮತ್ತೆ ಹಳಿಗೆ ಬಂದದ್ದು 2016ರಲ್ಲಿ, ಖರ್ಚಾದದ್ದು 42 ಲಕ್ಷ ಪೌಂಡ್. ಕೊಂಡ ಬೆಲೆಯ ಸುಮಾರು ಎರಡು ಪಟ್ಟು. ಎಲ್ಲ ಎಂಜಿನ್ನುಗಳಿಗೂ ಇಷ್ಟು ಬೇಕಾಗುವುದಿಲ್ಲ. ಆದರೆ ಕೊಳ್ಳುವ ಮುನ್ನ ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ಆಮೂಲಾಗ್ರ ತಪಾಸಣೆ ಮಾಡಿಸದೆ ಬೆಲೆ ಕಟ್ಟುವುದು ಎಷ್ಟು ದುಬಾರಿ ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಬ್ರಿಟಿಷ್ ರೈಲ್ವೆ 1968ರಲ್ಲಿ ಉಗಿ ಎಂಜಿನ್‌ಗಳನ್ನು ಕೈಬಿಟ್ಟ ಮೇಲೂ ಇಷ್ಟೊಂದು ಎಂಜಿನ್‌ಗಳು ಹೇಗೆ ಉಳಿದವು?

ಉತ್ತರ: ಬಹುಪಾಲು ಒಂದು ಗುಜರಿ ಅಂಗಳದ ಕೃಪೆಯಿಂದ. ದಕ್ಷಿಣ ವೇಲ್ಸ್‌ನ ಬ್ಯಾರಿ ಬಂದರಿನಲ್ಲಿದ್ದ ಡೈ ವುಡ್‌ಹ್ಯಾಮ್ ಅವರ ಅಂಗಳಕ್ಕೆ 297 ಎಂಜಿನ್‌ಗಳು ಬಂದವು. ಸರಕು ವ್ಯಾಗನ್‌ಗಳನ್ನು ಕತ್ತರಿಸುವುದು ಸುಲಭವಾದ್ದರಿಂದ ಅವರು ಅದಕ್ಕೇ ಮೊದಲು ಕೈಹಾಕಿ, ಎಂಜಿನ್‌ಗಳನ್ನು ಬಿಡುವಿನ ದಿನಗಳಿಗೆಂದು ಮೀಸಲಿಟ್ಟರು. ಆ ಬಿಡುವು ಬರಲಿಲ್ಲ. 213 ಎಂಜಿನ್‌ಗಳು ಅಭಿಮಾನಿಗಳ ಕೈ ಸೇರಿದವು. ಕಡಲ ಗಾಳಿಗೆ ತುಕ್ಕು ಹಿಡಿದು, ಹಿತ್ತಾಳೆ ತಾಮ್ರದ ಬಿಡಿಭಾಗಗಳು ಮಾಯವಾಗಿದ್ದ ಅವುಗಳನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ ಓವರ್‌ಹಾಲ್ ಎಂಬ ಮಾತು ಸಾಲದು.

ಅವುಗಳಲ್ಲಿ 'ಡ್ಯೂಕ್ ಆಫ್ ಗ್ಲೌಸ್ಟರ್' ಕಥೆ ವಿಶಿಷ್ಟವಾದುದು. 1954ರಲ್ಲಿ ತಯಾರಾದ, ತನ್ನ ಬಗೆಯಲ್ಲಿ ಏಕೈಕವಾದ ಈ ಎಂಜಿನ್ನಿನ ಸಿಲಿಂಡರನ್ನು ಪ್ರದರ್ಶನಕ್ಕೆಂದು ತೆಗೆದುಕೊಂಡು, ಉಳಿದದ್ದನ್ನು ಗುಜರಿಗೆ ಹಾಕಲಾಗಿತ್ತು. ಸೇವೆಯಲ್ಲಿದ್ದಾಗ ಇದಕ್ಕೆ ಕಲ್ಲಿದ್ದಲು ತಿನ್ನುವ, ಹಬೆ ಸಾಲದ ಎಂಜಿನ್ ಎಂಬ ಅಪಕೀರ್ತಿ ಇತ್ತು. ಸಿಲಿಂಡರುಗಳನ್ನು ಹೊಸದಾಗಿ ಎರಕ ಹೊಯ್ಸಿ 1986ರಲ್ಲಿ ಇದನ್ನು ಮತ್ತೆ ಓಡಿಸಿದ ಸ್ವಯಂಸೇವಕರಿಗೆ ಕೆಲಸದ ನಡುವೆ ಅದರ ಕಾರಣವೂ ತಿಳಿಯಿತು: ಬೂದಿತಟ್ಟೆಯ ಗಾಳಿಬಾಗಿಲುಗಳು ನಕ್ಷೆಯಲ್ಲಿ ಇದ್ದುದಕ್ಕಿಂತ ಚಿಕ್ಕದಾಗಿದ್ದುದರಿಂದ ಬೆಂಕಿಗೆ ಬೇಕಾದಷ್ಟು ಗಾಳಿಯೇ ಸಿಗುತ್ತಿರಲಿಲ್ಲ. ಅದನ್ನು ಸರಿಪಡಿಸಿ, ಚಿಮಣಿಗೆ ಉತ್ತಮ ಹೊಗೆಸೆಳೆತದ ವ್ಯವಸ್ಥೆ ಅಳವಡಿಸಿದ ಮೇಲೆ ಅದು ತನ್ನ ಸೇವಾ ದಿನಗಳಿಗಿಂತ ಚೆನ್ನಾಗಿ ಓಡಿತು.

ಪ್ರಶ್ನೆ: ಬಾಯ್ಲರ್ ಬದಲು, ಸಿಲಿಂಡರ್ ಬದಲು, ಗಾಲಿಪಟ್ಟಿ ಬದಲು. ಕೊನೆಗೆ ಉಳಿಯುವುದು ಹಳೆಯ ಎಂಜಿನ್ನೇ, ಹೊಸದೇ?

ಉತ್ತರ: ಎಂಜಿನ್‌ಗಳು ನಿತ್ಯ ಸೇವೆಯಲ್ಲಿದ್ದ ಕಾಲದಲ್ಲಿಯೇ ಈ ಅದಲುಬದಲು ನಡೆಯುತ್ತಿತ್ತು. ಬಾಯ್ಲರ್ ದುರಸ್ತಿಗೆ ಹೆಚ್ಚು ಕಾಲ ಹಿಡಿಯುವುದರಿಂದ ರೈಲ್ವೆ ಕಾರ್ಖಾನೆಗಳು ಕೆಲವು ಬಾಯ್ಲರ್‌ಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಂಡು, ಬಂದ ಎಂಜಿನ್ನಿಗೆ ಸಿದ್ಧವಿದ್ದುದನ್ನು ಏರಿಸಿ ಕಳಿಸುತ್ತಿದ್ದವು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕೂಡ ಎಷ್ಟೋ ವರ್ಷ ಬೇರೆ ವರ್ಗದ ಎಂಜಿನ್ನಿಗೆಂದು ರೂಪಿಸಿದ ಬಾಯ್ಲರ್ ಹೊತ್ತು ಓಡಿದೆ. ಹಾಗಾಗಿ 'ಮೂಲ' ಎಂಬುದನ್ನು ಲೋಹದ ತುಂಡುಗಳಲ್ಲಿ ಹುಡುಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಓಡಿಸದೆ ಕಾಪಾಡಬೇಕಾದ ಎಂಜಿನ್‌ಗಳೂ ಇವೆ ಎಂಬುದನ್ನು ಮಾತ್ರ ಒಪ್ಪಲೇಬೇಕು. ಮಲ್ಲಾರ್ಡ್ ನಿಂತಲ್ಲೇ ಇರುವುದು ಸರಿಯಾಗಿಯೇ ಇದೆ.

ಪ್ರಶ್ನೆ: ಪೂರ್ತಿ ಹೊಸ ಉಗಿ ಎಂಜಿನ್ ಕಟ್ಟಿದ್ದಾರೆ ಎಂದು ಕೇಳಿದ್ದೇನೆ. ಅದಕ್ಕೂ ಇವೇ ನಿಯಮಗಳೇ? ಮುಂದಿನ ದಿನಗಳಲ್ಲಿ ಈ ಎಂಜಿನ್‌ಗಳಿಗೆ ಹಳಿ ಸಿಗುತ್ತದೆಯೇ?

ಉತ್ತರ: ನೀವು ಕೇಳಿರುವುದು 'ಟೊರ್ನೇಡೊ' ಬಗೆಗೆ. ಎ1 ವರ್ಗದ 49 ಎಂಜಿನ್‌ಗಳಲ್ಲಿ ಒಂದೂ ಉಳಿದಿರಲಿಲ್ಲವಾದ್ದರಿಂದ ಒಂದು ಟ್ರಸ್ಟ್ ಐವತ್ತನೆಯದನ್ನು ಕಟ್ಟಲು 1990ರಲ್ಲಿ ಸಂಕಲ್ಪಿಸಿತು. ವಾರಕ್ಕೆ ಒಂದು ಲೋಟ ಬಿಯರಿನ ಬೆಲೆಯನ್ನು, ಅಂದರೆ ಆಗಿನ 1.25 ಪೌಂಡನ್ನು, ಕೊಡಿರೆಂದು ಜನರನ್ನು ಕೇಳಿಕೊಂಡಿತು. ಬಾಯ್ಲರ್ ಜರ್ಮನಿಯ ಮೈನಿಂಗೆನ್ ಕಾರ್ಖಾನೆಯಿಂದ ಬಂತು, ಎಂಜಿನ್ 2008ರಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ಸಿದ್ಧವಾಯಿತು. ಹೊಸದೆಂಬ ರಿಯಾಯಿತಿ ಇದಕ್ಕಿಲ್ಲ, ಬಾಯ್ಲರಿನ ಗಡುವು ಇದಕ್ಕೂ ಇದೆ. 2017ರ ಏಪ್ರಿಲ್‌ನಲ್ಲಿ ಪರೀಕ್ಷಾರ್ಥವಾಗಿ ಗಂಟೆಗೆ 100 ಮೈಲಿ ಮುಟ್ಟಿದ ಇದೇ ಎಂಜಿನ್ ಮರುವರ್ಷ ಪೀಟರ್‌ಬರೋ ಬಳಿ ಪ್ರಯಾಣಿಕರ ಸಮೇತ ಕೆಟ್ಟು ನಿಂತು, ಸಿಲಿಂಡರಿಗೆ ಹಬೆ ಬಿಡುವುದನ್ನು ನಿಯಂತ್ರಿಸುವ ವಾಲ್ವ್ ಗೇರ್ ಹಾನಿಗೊಂಡು, ತಿಂಗಳುಗಟ್ಟಲೆ ಕಾರ್ಖಾನೆ ಸೇರಿತ್ತು.

ಹಳಿಯ ಪ್ರಶ್ನೆ ಹೆಚ್ಚು ಕಠಿಣವಾದುದು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಪೂರ್ವ ಕರಾವಳಿ ಮಾರ್ಗದ ದಕ್ಷಿಣ ಭಾಗದಲ್ಲಿ ಹಳಿ ಬದಿಯ ಸಿಗ್ನಲ್ ಕಂಬಗಳನ್ನು ತೆಗೆದು, ಚಾಲಕನ ಮುಂದಿನ ಪರದೆಯ ಮೇಲೆಯೇ ಸೂಚನೆ ಕೊಡುವ ಯುರೋಪಿಯನ್ ರೈಲು ನಿಯಂತ್ರಣ ವ್ಯವಸ್ಥೆ ಬರುತ್ತಿದೆ. ಆ ಉಪಕರಣವಿಲ್ಲದ ಎಂಜಿನ್ನಿಗೆ ಅಲ್ಲಿ ಪ್ರವೇಶ ಇರುವುದಿಲ್ಲ. ಕಂಪನ, ಶಾಖ, ಮಸಿ ತುಂಬಿದ ಕ್ಯಾಬಿನಲ್ಲಿ ಕಂಪ್ಯೂಟರ್ ಕೂರಿಸುವುದು, ಅದಕ್ಕೆ ಕಡಿತವಿಲ್ಲದೆ ವಿದ್ಯುತ್ ಒದಗಿಸುವುದು ಸಣ್ಣ ಕೆಲಸವಲ್ಲ. ಬ್ರಿಟನ್ನಿನ ಉಗಿ ಎಂಜಿನ್‌ಗಳ ಪೈಕಿ ಮೊದಲಿಗೆ ಟೊರ್ನೇಡೊವನ್ನು ಈ ಪ್ರಯೋಗಕ್ಕೆ ಆರಿಸಿಕೊಂಡಿದ್ದಾರೆ. ಉಳಿದ ಮಾಲೀಕರು ಮುಂದಿನ ಓವರ್‌ಹಾಲ್‌ನ ಅಂದಾಜುಪಟ್ಟಿಯಲ್ಲಿ ತಾಮ್ರದ ತಗಡು, ಸ್ಟೇ, ಕೊಳವೆಗಳ ಕೆಳಗೆ ಇದನ್ನೂ ಒಂದು ಸಾಲಾಗಿ ಬರೆದುಕೊಳ್ಳಬೇಕಾಗುತ್ತದೆ. ಅಷ್ಟು ಹಣ ಕೂಡಿಸಲಾಗದವರ ಎಂಜಿನ್‌ಗಳು ಹಳೆಯ ಸಿಗ್ನಲ್‌ಗಳಿರುವ ಮಾರ್ಗಗಳಿಗೆ ಮಾತ್ರ ಸೀಮಿತವಾಗುತ್ತವೆ.