ಪ್ರತಿಕ್ರಿಯೆ: ಮೂರನೇ ಬಾಟಲಿಗೆ ಡಯಾಟಮ್ ಬಿಳಿಚಿಕೊಳ್ಳುವುದು

ವಿಟಮಿನ್ ಕೊರತೆ ಇರಬೇಕು, ಅದರಲ್ಲೂ ಬಿ12. ಮಂಗಳೂರಿನಿಂದ ತಂದ ಡಯಾಟಮ್ (ಗಾಜಿನಂಥ ಚಿಪ್ಪಿರುವ ಸೂಕ್ಷ್ಮ ಪಾಚಿ) ಮೊದಲ ಬಾಟಲಿಯಲ್ಲಿ ಚೆನ್ನಾಗಿ ಬಂತು, ಸ್ವಲ್ಪ ಸ್ವಲ್ಪ ಹೊಸ ಬಾಟಲಿಗೆ ದಾಟಿಸುತ್ತ ಹೋದಾಗ ಮೂರನೆಯದರಲ್ಲಿ ಬಿಳಿಚಿಕೊಂಡಿತು, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಜಾಸ್ತಿ ಹಾಕಿದರೂ ಏಳುತ್ತಿಲ್ಲ ಅಂದಿದ್ದೀರಿ. ಬರೀ ಗೊಬ್ಬರದ ಕೊರತೆಯಾಗಿದ್ದರೆ ಇಷ್ಟೊತ್ತಿಗೆ ಚೇತರಿಸಿಕೊಳ್ಳಬೇಕಿತ್ತು ಅಲ್ವಾ? ಹಳೇ ನೀರಿನ ಜೊತೆ ಬಂದ ಬಿ12 ಒಂದೆರಡು ಬಾಟಲಿಗೆ ಸಾಲುತ್ತದೆ, ಆಮೇಲೆ ಖಾಲಿ. ಪಾಚಿಗಳು ಬಿ12 ತಯಾರಿಸಲಾರವು. ಸಮುದ್ರದಲ್ಲಿ ಅದನ್ನು ಬ್ಯಾಕ್ಟೀರಿಯಾಗಳು ಒದಗಿಸುತ್ತವೆ.

ಆದರೆ ಎಲ್ಲ ಡಯಾಟಮ್‌ಗೂ ಬಿ12 ಬೇಕೇ ಬೇಕು ಅಂತಿಲ್ಲ. ಅದಕ್ಕೇ ಮೊದಲು ಪರೀಕ್ಷೆ ಮಾಡಿ. ಇನ್ನೂ ಜೀವ ಇರುವ ಬಾಟಲಿಯಿಂದ ಎರಡು ಫ್ಲಾಸ್ಕ್‌ಗೆ ಒಂದೇ ಅಳತೆ ಹಾಕಿ. ಒಂದಕ್ಕೆ ಮಾತ್ರ ವಿಟಮಿನ್ ಸೇರಿಸಿ: ಲೀಟರಿಗೆ ಬಿ12 0.5 ಮೈಕ್ರೋಗ್ರಾಂ, ಬಯೋಟಿನ್ 0.5, ಥಯಾಮಿನ್ 100. ಸಮುದ್ರ ಪಾಚಿ ಬೆಳೆಸಲು ಬಳಸುವ ಎಫ್/2 ಎಂಬ ಪೋಷಕ ದ್ರಾವಣದ ಅಳತೆಯೇ ಇದು. ಇಷ್ಟು ಸಣ್ಣ ಪ್ರಮಾಣ ನೇರವಾಗಿ ತೂಗಲು ಆಗುವುದಿಲ್ಲ, ಗಟ್ಟಿ ದ್ರಾವಣ ಮಾಡಿಕೊಂಡು ತೆಳು ಮಾಡಿ.

ವಿಟಮಿನ್ ಮಾತ್ರ ಆಟೋಕ್ಲೇವ್‌ಗೆ (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರಕ್ಕೆ) ಇಡಬೇಡಿ. ಹಾಸನದ ನಮ್ಮ ಲ್ಯಾಬಿನಲ್ಲಿ ಉಪ್ಪುನೀರಿನ ಜೊತೆಗೇ ಬೇಯಿಸಿ ಎರಡು ತಿಂಗಳು ಸುಮ್ನೆ ಕಳೆದೆವು. ಥಯಾಮಿನ್ ಬಿಸಿಗೆ ಹಾಳಾಗುತ್ತದೆ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ನೀರು ತಣ್ಣಗಾದ ಮೇಲೆ ಹಾಕಿ. ಉಳಿದದ್ದನ್ನು ಪುಟ್ಟ ಟ್ಯೂಬುಗಳಲ್ಲಿ ಫ್ರೀಜರಿನಲ್ಲಿಡಿ, ಬಿ12ಗೆ ಬೆಳಕೂ ಆಗುವುದಿಲ್ಲ.

ಒಂದು ವಾರ ನೋಡಿ. ವಿಟಮಿನ್ ಹಾಕಿದ ಫ್ಲಾಸ್ಕ್ ತಳದಲ್ಲಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಬಣ್ಣ ಕಟ್ಟಿದರೆ ಕಾರಣ ಸಿಕ್ಕಿತು. ಎರಡೂ ಬಿಳಿಚಿಕೊಂಡರೆ ಕಬ್ಬಿಣ ಮತ್ತಿತರ ಸೂಕ್ಷ್ಮ ಲೋಹಗಳನ್ನು ಹಾಕಿ ಇದೇ ರೀತಿ ಪರೀಕ್ಷಿಸಿ.